ಸೋಮವಾರದ ಆಟಗಾರರು

ಗಾಲ್ಫ್ ಕ್ಲಬ್ಬಿನ ಗ್ರಂಥಾಲಯಕ್ಕೆ ಓದುಗರು ಇದ್ದಾರೋ ಇಲ್ಲವೋ, ನೋಟಿಸ್ ಬೋರ್ಡಿಗಂತೂ ಬರವಿಲ್ಲ. ಭಾನುವಾರದ ಪಂದ್ಯದ ಡ್ರಾ ಅಂಟಿಸಿದ್ದೇ ತಡ, ಕನ್ನಡಕ ಹಣೆಗೇರಿಸಿಕೊಂಡು ಜನ ಮುತ್ತಿಕೊಳ್ಳುತ್ತಾರೆ. ನಿವೃತ್ತ ಕಾರ್ಯದರ್ಶಿ, ಮೂಳೆ ಡಾಕ್ಟರು, ಗ್ರಾನೈಟ್ ವ್ಯಾಪಾರಿ, ನಿನ್ನೆಮೊನ್ನೆ ಸದಸ್ಯತ್ವ ಸಿಕ್ಕ ಸಾಫ್ಟ್‌ವೇರ್ ಹುಡುಗ, ಎಲ್ಲರೂ ಬೆರಳಿಟ್ಟು ತಮ್ಮ ಹೆಸರು ಹುಡುಕುತ್ತಾರೆ. "ಅಯ್ಯೋ, ಮತ್ತೆ ಅವರ ಜೊತೆಗೇ ಹಾಕಿದಾರಲ್ರೀ! ಎರಡಡಿ ಪಟ್‌ಗೆ ನಾಲ್ಕು ಸುತ್ತು ಪ್ರದಕ್ಷಿಣೆ ಹಾಕ್ತಾರೆ ಮಹಾನುಭಾವ" ಎಂದು ಒಬ್ಬರು ಗೊಣಗುತ್ತಾರೆ. ಆ ಮಹಾನುಭಾವರು ಹಿಂದೆಯೇ ನಿಂತಿರುತ್ತಾರೆ.

ಬೆಂಗಳೂರಿನ ಹವೆಯಲ್ಲಿ ಹನ್ನೆರಡು ತಿಂಗಳೂ ಆಡಬಹುದು. ಆದರೂ ಕ್ಲಬ್ಬಿನವರು ಸೀಸನ್ ಎನ್ನುವುದು ದಸರೆಯ ಮಳೆ ಹಿಂದೆ ಸರಿದ ಮೇಲಿಂದ ಯುಗಾದಿಯ ಬಿಸಿಲು ಏರುವವರೆಗಿನ ದಿನಗಳನ್ನು. ಮಳೆಗಾಲದಲ್ಲಿ ಚೆಂಡು ಕೆಸರಿನಲ್ಲಿ ಹೂತರೆ ಎತ್ತಿ, ಒರೆಸಿ, ಪಕ್ಕದಲ್ಲೇ ಇಟ್ಟು ಹೊಡೆಯಲು ಸಮಿತಿ ರಿಯಾಯಿತಿ ಕೊಡುತ್ತದೆ. ನೆಲ ಒಣಗಿದ ಮೇಲೆ ಆ ಕರುಣೆ ಇಲ್ಲ. ಕೊಡಗು, ಚಿಕ್ಕಮಗಳೂರಿನ ಕಡೆ ಈ ಪಂಚಾಂಗವೂ ನಡೆಯುವುದಿಲ್ಲ. ಅಲ್ಲಿ ಕಾಫಿ ಕೊಯ್ಲು ಮೊದಲು, ಗಾಲ್ಫ್ ಆಮೇಲೆ. ಅರೇಬಿಕಾ ಮುಗಿಯಿತು ಎನ್ನುವಷ್ಟರಲ್ಲಿ ರೊಬಸ್ಟಾ ಹಣ್ಣಾಗುತ್ತದೆ. ಕಣದಲ್ಲಿ ಕಾಫಿ ಹರವಿ ಪಂದ್ಯಕ್ಕೆ ಬಂದ ತೋಟದ ಯಜಮಾನರಿಗೆ ಚೆಂಡಿಗಿಂತ ಮೋಡದ ಮೇಲೇ ಕಣ್ಣು ಹೆಚ್ಚು.

ನಮ್ಮಲ್ಲಿ ಈ ಆಟ ಹೊಸದೇನಲ್ಲ. ಬೆಂಗಳೂರು ಗಾಲ್ಫ್ ಕ್ಲಬ್ ಶುರುವಾದದ್ದು 1876ರಲ್ಲಿ. ಕಲ್ಕತ್ತೆಯ ರಾಯಲ್ ಗಾಲ್ಫ್ ಕ್ಲಬ್ ಇನ್ನೂ ಹಳೆಯದು, 1829ರದು. ದೊರೆಗಳು ಹೋದರು, ಕಾಲರ್ ಇಲ್ಲದ ಅಂಗಿಗೆ ಪ್ರವೇಶವಿಲ್ಲ ಎಂಬಂಥ ನಿಯಮಗಳನ್ನು ಬಿಟ್ಟುಹೋದರು. ನಗರದ ನಡುವೆ ಇಷ್ಟೊಂದು ಹಸಿರು ಇಷ್ಟೇ ಇಷ್ಟು ಜನರಿಗೆ ಯಾಕೆ ಎಂದು ಕೇಳುವವರ ಪ್ರಶ್ನೆ ನ್ಯಾಯವಾದದ್ದೇ. ಅದನ್ನು ಇನ್ನೊಂದು ದಿನ ಬರೆಯೋಣ.

ನನಗೆ ಗಾಲ್ಫಿನಲ್ಲಿ ಬಹಳ ಹಿಡಿಸಿದ್ದು ಹ್ಯಾಂಡಿಕ್ಯಾಪ್ ಎಂಬ ಲೆಕ್ಕ. ಊರಿನ ಚೆಸ್ ಚಾಂಪಿಯನ್ ಜೊತೆ ನಾವು ಕೂತರೆ ಹತ್ತು ನಿಮಿಷಕ್ಕೆ ಆಟ ಮುಗಿಯುತ್ತದೆ. ಬ್ಯಾಡ್ಮಿಂಟನ್‌ನಲ್ಲಂತೂ ಕೇಳುವುದೇ ಬೇಡ. ಗಾಲ್ಫಿನಲ್ಲಿ ಎಪ್ಪತ್ತು ದಾಟಿದ ಅಜ್ಜ ಇಪ್ಪತ್ತೈದರ ಹುರಿಯಾಳನ್ನು ನ್ಯಾಯವಾಗಿಯೇ ಸೋಲಿಸಬಹುದು. ಕಳೆದ 20 ಸುತ್ತುಗಳಲ್ಲಿ ನೀವು ಚೆನ್ನಾಗಿ ಆಡಿದ 8 ಸುತ್ತುಗಳ ಸರಾಸರಿ ತೆಗೆದು, ನಿಮಗೆ ಇಷ್ಟು ಹೊಡೆತ ಮಾಫಿ ಎಂದು ನಿಗದಿ ಮಾಡುತ್ತಾರೆ. 2020ರಿಂದ ಜಗತ್ತಿನ ಬಹುಪಾಲು ದೇಶಗಳಿಗೆ ಇದೇ ಪದ್ಧತಿ. ಗರಿಷ್ಠ 54. ಹೊಸಬರು ನಾಚಿಕೊಳ್ಳಬೇಕಿಲ್ಲ.

ಲೆಕ್ಕ ಹೇಗೆ ಕೆಲಸ ಮಾಡುತ್ತದೆ ನೋಡಿ. ನಮ್ಮ ಮೂಳೆ ಡಾಕ್ಟರ ಹ್ಯಾಂಡಿಕ್ಯಾಪ್ 6, ನಿವೃತ್ತ ಎಂಜಿನಿಯರರದ್ದು 24 ಎಂದಿಟ್ಟುಕೊಳ್ಳಿ. ಕ್ಲಬ್ಬಿನವರು ಹದಿನೆಂಟು ಕುಳಿಗಳನ್ನೂ ಕಷ್ಟದ ಕ್ರಮದಲ್ಲಿ ಜೋಡಿಸಿರುತ್ತಾರೆ. ಮೊದಲ ಆರು ಕಷ್ಟದ ಕುಳಿಗಳಲ್ಲಿ ಡಾಕ್ಟರಿಗೆ ಒಂದೊಂದು ಹೊಡೆತ ಮಾಫಿ. ಎಂಜಿನಿಯರರಿಗೆ ಎಲ್ಲ ಕುಳಿಗಳಲ್ಲೂ ಒಂದೊಂದು, ಆ ಆರರಲ್ಲಿ ಎರಡೆರಡು. ಅಂಥದ್ದೊಂದು ಪಾರ್ ನಾಲ್ಕರ, ಎಂದರೆ ನಾಲ್ಕು ಹೊಡೆತದಲ್ಲಿ ಮುಗಿಸಬೇಕಾದ, ಕುಳಿಯಲ್ಲಿ ಡಾಕ್ಟರು ಐದರಲ್ಲಿ ಮುಗಿಸಿದರು. ಎಂಜಿನಿಯರರು ಒಮ್ಮೆ ಮರಕ್ಕೆ ಬಡಿದು, ಒಮ್ಮೆ ಬಂಕರಿನ ಮರಳು ಎರಚಿ ಆರರಲ್ಲಿ ಮುಗಿಸಿದರು. ಮಾಫಿ ಕಳೆದರೆ ಇಬ್ಬರದೂ ನಾಲ್ಕು, ಅಂದರೆ ಪಾರ್‌ಗೆ ಸಮ. ಸಮ ಬಂದರೆ ಎರಡು ಪಾಯಿಂಟು, ಹಾಗಾಗಿ ಇಬ್ಬರಿಗೂ ಎರಡೆರಡು. ಈ ಪಾಯಿಂಟಿನ ಪದ್ಧತಿ ಕಂಡುಹಿಡಿದವರೂ ಒಬ್ಬ ಡಾಕ್ಟರೇ, ಇಂಗ್ಲೆಂಡಿನ ಫ್ರಾಂಕ್ ಸ್ಟೇಬಲ್‌ಫೋರ್ಡ್. ಲಿವರ್‌ಪೂಲ್ ಹತ್ತಿರದ ವಾಲೆಸೀ ಕ್ಲಬ್ಬಿನಲ್ಲಿ 1932ರಲ್ಲಿ ಈ ಲೆಕ್ಕದ ಪಂದ್ಯ ಆಡಿಸಿದರು. ಅದಕ್ಕೆ ಮೊದಲು, ಸಮುದ್ರದ ಗಾಳಿಗೆ ಸಿಕ್ಕಿ ಮೊದಲ ಒಂದೆರಡು ಕುಳಿ ಕೆಟ್ಟರೆ ಜನ ಸ್ಕೋರ್ ಕಾರ್ಡು ಹರಿದು ಬಾರಿನ ಕಡೆ ನಡೆಯುತ್ತಿದ್ದರು. ಸ್ಟೇಬಲ್‌ಫೋರ್ಡ್ ಲೆಕ್ಕದಲ್ಲಿ ಕೆಟ್ಟ ಕುಳಿಗೆ ಸೊನ್ನೆ, ಅಷ್ಟೇ. ಮುಂದಿನ ಕುಳಿಗೆ ಹೊಸ ಲೆಕ್ಕ. ಇವತ್ತು ನಮ್ಮ ಕ್ಲಬ್ಬುಗಳ ಭಾನುವಾರಗಳು ಜೀವಂತವಾಗಿರುವುದು ಈ ಪುಣ್ಯಾತ್ಮನಿಂದ.

ಹದಿನೆಂಟು ಕುಳಿಗೆ 36 ಪಾಯಿಂಟು ಬಂದರೆ ನಿಮ್ಮ ಯೋಗ್ಯತೆಗೆ ತಕ್ಕಂತೆ ಆಡಿದಿರಿ ಎಂದರ್ಥ. 39 ಬಂದರೆ ಬೆನ್ನು ತಟ್ಟುತ್ತಾರೆ. 44 ಬಂದರೆ? ಬೆನ್ನ ಹಿಂದೆ ಮಾತು ಶುರು. "ಅವರ ಹ್ಯಾಂಡಿಕ್ಯಾಪ್ ಇಪ್ಪತ್ತೆರಡಂತೆ! ವಾರದ ದಿನ ಆಡೋವಾಗ ಕಾರ್ಡೇ ಹಾಕಲ್ಲ, ಟ್ರೋಫಿ ದಿನ ಮಾತ್ರ ಮೈಮೇಲೆ ದೇವರು ಬರುತ್ತೆ." ಹ್ಯಾಂಡಿಕ್ಯಾಪ್ ಬೇಕೆಂದೇ ಉಬ್ಬಿಸಿಟ್ಟುಕೊಳ್ಳುವವರಿಗೆ ಕ್ಲಬ್ಬಿನಲ್ಲಿ ಬ್ಯಾಂಡಿಟ್ ಎಂದೇ ಹೆಸರು. ಇದರ ತದ್ವಿರುದ್ಧದ ಜಾತಿಯೂ ಒಂದಿದೆ. ಹೇಗಾದರೂ ಮಾಡಿ ಸಿಂಗಲ್ ಹ್ಯಾಂಡಿಕ್ಯಾಪರ್ ಅನ್ನಿಸಿಕೊಳ್ಳಬೇಕೆಂದು ಒಳ್ಳೆಯ ಕಾರ್ಡು ಮಾತ್ರ ಹಾಕಿ, ಕೆಟ್ಟದ್ದನ್ನು ಜೇಬಿನಲ್ಲೇ ಉಳಿಸಿಕೊಳ್ಳುವವರು. ಇವರು ಯಾವ ಪಂದ್ಯವನ್ನೂ ಗೆಲ್ಲುವುದಿಲ್ಲ. ಆದರೆ ಮದುವೆ ಮನೆಗಳಲ್ಲಿ ಹೇಳಿಕೊಳ್ಳಲು 9 ಎಂಬ ಅಂಕಿ ಕೈಯಲ್ಲಿರುತ್ತದೆ. ನನ್ನನ್ನು ಕೇಳಿದರೆ ಬ್ಯಾಂಡಿಟ್ಟೇ ವಾಸಿ, ಅವನಿಗೆ ಕನಿಷ್ಠ ಗೆಲ್ಲುವ ಆಸೆಯಾದರೂ ಇದೆ.

ಇಷ್ಟೆಲ್ಲ ಗುಮಾನಿಗೆ ಕಾರಣ, ಕ್ಲಬ್ಬಿನ ಆಟದಲ್ಲಿ ನಿಮ್ಮ ಹಿಂದೆ ಅಂಪೈರ್ ಓಡಾಡುವುದಿಲ್ಲ. ಮೊದಲ ಟೀಯಲ್ಲಿ ಕಾರ್ಡು ಅದಲುಬದಲು ಮಾಡಿಕೊಳ್ಳುತ್ತೀರಿ. ನಿಮ್ಮ ಹೊಡೆತ ಜೊತೆಗಾರ ಬರೆಯುತ್ತಾನೆ, ಅವನದು ನೀವು. ಕೊನೆಗೆ ಇಬ್ಬರೂ ಸಹಿ ಹಾಕಬೇಕು. ಆ ಸಹಿಯ ತೂಕ ಎಷ್ಟೆಂದು ಅರ್ಜೆಂಟೀನಾದ ರೊಬೆರ್ಟೊ ಡಿ ವಿಸೆಂಜೊ ಅವರನ್ನು ಕೇಳಬೇಕಿತ್ತು. 1968ರ ಮಾಸ್ಟರ್ಸ್ ಪಂದ್ಯದ ಕೊನೆಯ ದಿನ 17ನೇ ಕುಳಿಯನ್ನು ಅವರು ಮೂರೇ ಹೊಡೆತದಲ್ಲಿ ಮುಗಿಸಿದ್ದರು. ಲಕ್ಷಾಂತರ ಜನ ಟಿ.ವಿ.ಯಲ್ಲಿ ನೋಡಿದ್ದರು. ಕಾರ್ಡು ಬರೆಯುತ್ತಿದ್ದ ಜೊತೆಗಾರ ಟಾಮಿ ಆರನ್ ನಾಲ್ಕು ಎಂದು ಬರೆದುಬಿಟ್ಟರು. ಡಿ ವಿಸೆಂಜೊ ನೋಡದೆ ಸಹಿ ಹಾಕಿದರು. ಸಹಿ ಬಿದ್ದ ಅಂಕಿ ಆಡಿದ್ದಕ್ಕಿಂತ ಹೆಚ್ಚಿದ್ದರೆ ಅದೇ ಖಾಯಂ ಎನ್ನುತ್ತದೆ ನಿಯಮ. ಆ ಒಂದು ಅಂಕಿಗೆ ಟೈ ತಪ್ಪಿ, ಬಾಬ್ ಗೋಲ್ಬಿ ಚಾಂಪಿಯನ್ ಆದರು. ಅಂದು ಡಿ ವಿಸೆಂಜೊ ಅವರ 45ನೇ ಹುಟ್ಟುಹಬ್ಬ.

ನಮ್ಮ ಭಾನುವಾರಗಳಲ್ಲಿ ತಪ್ಪುವ ಲೆಕ್ಕ ಸಾಮಾನ್ಯವಾಗಿ ಇನ್ನೊಂದು ದಿಕ್ಕಿನದು. ರಫ್‌ನ ಹುಲ್ಲಿನಲ್ಲಿ ಆರು ಹೊಡೆದು ಗ್ರೀನ್ ಮೇಲೆ ಬಂದವರು "ಫೈವ್" ಎನ್ನುತ್ತಾರೆ. ಜೊತೆಗಾರ ಎಪ್ಪತ್ತು ಗಜ ಆಚೆ ತನ್ನ ಚೆಂಡು ಹುಡುಕುತ್ತಿದ್ದ, ಅವನಿಗೆ ಗೊತ್ತಿಲ್ಲ. ಗೊತ್ತಿರುವವನು ಒಬ್ಬನೇ, ಬ್ಯಾಗು ಹಿಡಿದು ನಿಂತ ಕ್ಯಾಡಿ.

ಇಡೀ ಸೀಸನ್ನಿನ ನಿಜವಾದ ದಾಖಲೆ ಈ ಕ್ಯಾಡಿಗಳ ತಲೆಯಲ್ಲಿರುತ್ತದೆ. ಯಾರ ಷೂ ತುದಿ ತಗುಲಿ ಚೆಂಡು ಬೇರಿನ ಪಕ್ಕದಿಂದ ಈಚೆ ಬಂತು, ಯಾರ ಜೇಬಿನ ತೂತಿನಿಂದ ಕಳೆದುಹೋದ ಚೆಂಡು ಮತ್ತೆ ಹುಟ್ಟಿತು, ಎಲ್ಲವೂ. ಕ್ಯಾಡಿ ಹತ್ತು ಹದಿನೈದು ಕಿಲೋ ತೂಗುವ ಬ್ಯಾಗು ಹೊತ್ತೋ, ಟ್ರಾಲಿ ಎಳೆದೋ ಏಳೆಂಟು ಕಿಲೋಮೀಟರ್ ನಡೆಯುತ್ತಾನೆ. ಕಿತ್ತ ಹುಲ್ಲಿನ ಗುಳಿಗೆ ಮರಳು ತುಂಬುತ್ತಾನೆ, ಚೆಂಡು ಒರೆಸಿ ಕೊಡುತ್ತಾನೆ. ಗ್ರೀನ್ ಮೇಲೆ ಮೊಣಕಾಲೂರಿ ಕಣ್ಣು ಕಿರಿದು ಮಾಡಿ, "ಇಲ್ಲಿ ನೀರು ಆ ಕಡೆ ಹರಿಯುತ್ತೆ ಸಾರ್. ಎರಡು ಕಪ್ ಎಡಕ್ಕೆ ಬಿಟ್ಟು ಮೆಲ್ಲಗೆ ತಳ್ಳಿ" ಎನ್ನುತ್ತಾನೆ. ಚೆಂಡು ಕುಳಿಗೆ ಬಿದ್ದರೆ ಸಾಹೇಬರ ಪಟ್ಟು. ಬೀಳದಿದ್ದರೆ ಕ್ಯಾಡಿ ಲೈನ್ ತಪ್ಪು ಹೇಳಿದ. ನನ್ನ ಪರಿಚಯದ ಹಳಬ ಕ್ಯಾಡಿಯೊಬ್ಬರನ್ನು ಕಾರ್ಡಿನ ವಿಷಯ ಕೇಳಿದೆ. "ಕಣ್ಣಿಗೆ ಬಿದ್ದಿದ್ದೆಲ್ಲ ಬಾಯಿಗೆ ಬರಬಾರದು ಸಾರ್, ನಾಳೆನೂ ಬ್ಯಾಗು ಬೇಕಲ್ಲ" ಎಂದರು.

ಬಹುಮಾನದ ರಾತ್ರಿ ಹುಲ್ಲಿನ ಮೇಲೆ ದುಂಡು ಮೇಜು, ಪ್ರಾಯೋಜಕರ ಬ್ಯಾನರು, ಕ್ಯಾಪ್ಟನ್ನರ ಭಾಷಣ. ಅತಿ ಉದ್ದದ ಹೊಡೆತಕ್ಕೊಂದು, ಬಾವುಟಕ್ಕೆ ಅತಿ ಹತ್ತಿರ ಚೆಂಡು ಬಿದ್ದಿದ್ದಕ್ಕೊಂದು, ಮಹಿಳೆಯರಿಗೆ, ಹಿರಿಯರಿಗೆ ಎಂದು ಗಾಜಿನ ಬೋಗುಣಿಗಳು ಹಂಚಿಹೋಗುತ್ತವೆ. "ಮನೇಲಿ ಇಡೋಕೆ ಜಾಗ ಇಲ್ಲ, ಇದನ್ನೂ ತಂದ್ರಾ" ಎಂದು ಮನೆಯವರು ಬೈದರೂ ತರಲೇಬೇಕು. ಕ್ಲಬ್ ಚಾಂಪಿಯನ್ನನ ಹೆಸರು ತೇಗದ ಹಲಗೆಯ ಮೇಲೆ ಬಂಗಾರದ ಅಕ್ಷರದಲ್ಲಿ ಏರುತ್ತದೆ. ಆ ಹೊತ್ತಿಗೆ ಕ್ಯಾಡಿಗಳು ಗೇಟಿನಾಚೆ ಬಸ್ ಕಾಯುತ್ತಿರುತ್ತಾರೆ.

ಹಾಗೆಂದು ಅವರಿಗೆ ಆಡಲು ಬರುವುದಿಲ್ಲವೇ? ನಮ್ಮ ದೇಶದ ದೊಡ್ಡ ಗಾಲ್ಫ್ ಪಂದ್ಯ ಇಂಡಿಯನ್ ಓಪನ್ ಶುರುವಾದದ್ದು 1964ರಲ್ಲಿ. ಮರುವರ್ಷವೇ ಅದನ್ನು ಗೆದ್ದ ಪಿ.ಜಿ. ಸೇಥಿ ಹವ್ಯಾಸಿ ಆಟಗಾರರು. ಭಾರತದ ವೃತ್ತಿಪರ ಆಟಗಾರನೊಬ್ಬ ಆ ಕಪ್ಪು ಎತ್ತಲು 1991 ಬರಬೇಕಾಯಿತು. ಅವರು ಅಲಿ ಶೇರ್, ದೆಹಲಿಯ ಕ್ಯಾಡಿಗಳ ನಡುವಿನಿಂದ ಬಂದವರು. 2009ರಲ್ಲಿ ಗೆದ್ದವರು ನಮ್ಮ ಬೆಂಗಳೂರಿನ ಸಿ. ಮುನಿಯಪ್ಪ, ಅವರೂ ಬ್ಯಾಗು ಹೊತ್ತು ಆಟ ಕಲಿತವರೇ. ಬಿಡದಿ ಹತ್ತಿರದ ಈಗಲ್‌ಟನ್ ಮೈದಾನದಲ್ಲಿ ತಾಯಿ ದುಡಿಯುತ್ತಿದ್ದಾಗ ಅಲ್ಲೇ ಚೆಂಡು ಹೆಕ್ಕುತ್ತ ಬೆಳೆದ ಚಿಕ್ಕರಂಗಪ್ಪ ವೃತ್ತಿಪರ ಗಾಲ್ಫಿನಲ್ಲಿ ದೊಡ್ಡ ಹೆಸರಾದರು. ಕ್ಯಾಡಿಯ ಕೆಲಸ ಎಷ್ಟು ದೊಡ್ಡದೆಂದು ತಿಳಿಯಲು ಅದಿತಿ ಅಶೋಕ್ ಅವರನ್ನು ನೆನೆಯಿರಿ. ರಿಯೊ ಒಲಿಂಪಿಕ್ಸ್‌ನಲ್ಲಿ ಬೆಂಗಳೂರಿನ ಈ ಹುಡುಗಿಯ ಬ್ಯಾಗು ಹಿಡಿದವರು ತಂದೆ, ಟೋಕಿಯೊದಲ್ಲಿ ತಾಯಿ. ಟೋಕಿಯೊದಲ್ಲಿ ಒಂದೇ ಒಂದು ಹೊಡೆತದ ಅಂತರದಲ್ಲಿ ಪದಕದ ಸ್ಪರ್ಧೆಯಿಂದ ಹೊರಬಿದ್ದು ಅವರು ನಾಲ್ಕನೆಯವರಾದ ಆ ಬೆಳಿಗ್ಗೆ, ಗಾಲ್ಫ್ ಗಂಧ ಗೊತ್ತಿಲ್ಲದವರೂ ಟಿ.ವಿ. ಮುಂದೆ ಕೂತಿದ್ದರು.

ನಮ್ಮ ಅನೇಕ ಕ್ಲಬ್ಬುಗಳಲ್ಲಿ ಕ್ಯಾಡಿಗಳಿಗೆ ಆಡಲು ಸಿಗುವುದು ಸೋಮವಾರ. ಅಂದು ಕ್ಲಬ್ಬಿಗೆ ರಜೆ, ಸದಸ್ಯರಿಲ್ಲ. ಬಳಸಿ ಬಿಟ್ಟ ಗಾಲ್ಫ್ ಕೋಲುಗಳನ್ನು ಹಂಚಿಕೊಂಡು ಅವರು ಆಡುವ ಆಟ ನೋಡಬೇಕು. ಒಬ್ಬನ ಬಳಿ ಏಳನೇ ನಂಬರಿನ ಐರನ್, ಇನ್ನೊಬ್ಬನ ಬಳಿ ಪಟರ್, ಎಲ್ಲ ಸೇರಿದರೂ ಒಂದು ಪೂರ್ತಿ ಸೆಟ್ಟಿಲ್ಲ. ಆದರೂ ಭಾನುವಾರ ಸದಸ್ಯರು ಪೂಜೆ ಮಾಡಿ ದಾಟುವ ನೀರಿನ ಹೊಂಡವನ್ನು ಇವರು ಮಾತಾಡುತ್ತಲೇ ದಾಟಿಸುತ್ತಾರೆ. ವರ್ಷಕ್ಕೊಮ್ಮೆ ಕ್ಯಾಡಿಗಳ ಪಂದ್ಯ ನಡೆಸುವ ಒಳ್ಳೆಯ ಕ್ಲಬ್ಬುಗಳೂ ಇವೆ. ಅದೂ ಹೆಚ್ಚಾಗಿ ಸೋಮವಾರವೇ.

ಗಾಲ್ಫಿನ ತವರು ಸ್ಕಾಟ್ಲೆಂಡಿನ ಸೇಂಟ್ ಆ್ಯಂಡ್ರೂಸ್‌ನಲ್ಲಿ ಓಲ್ಡ್ ಕೋರ್ಸ್ ಯಾವ ಕ್ಲಬ್ಬಿನ ಸ್ವತ್ತೂ ಅಲ್ಲ, ಸಾರ್ವಜನಿಕರ ನೆಲ. ಭಾನುವಾರ ಆಟ ನಿಲ್ಲಿಸಿ ಊರಿನವರಿಗೆ ಓಡಾಡಲು ಬಿಡುತ್ತಾರೆ. ಅಲ್ಲಿನ ರಾಯಲ್ ಆ್ಯಂಡ್ ಏನ್ಶಂಟ್ ಕ್ಲಬ್ಬಿನವರು ದೊಡ್ಡ ಉದಾರಿಗಳೇನಲ್ಲ, ಹೆಂಗಸರನ್ನು ಸದಸ್ಯರಾಗಿ ಸೇರಿಸಿಕೊಳ್ಳಲು 2014ರವರೆಗೆ ಕಾಯಿಸಿದವರು. ಆದರೆ ಪ್ರತಿ ಸೆಪ್ಟೆಂಬರ್‌ನಲ್ಲಿ ಹೊಸ ಕ್ಯಾಪ್ಟನ್ ಅಧಿಕಾರ ವಹಿಸಿಕೊಳ್ಳುವ ದಿನ ಅವರಲ್ಲೊಂದು ಪದ್ಧತಿಯಿದೆ. ಬೆಳಿಗ್ಗೆ ಎಂಟಕ್ಕೆ ಫಿರಂಗಿ ಹಾರುತ್ತದೆ, ಕ್ಯಾಪ್ಟನ್ ಒಂದೇ ಒಂದು ಚೆಂಡು ಹೊಡೆಯುತ್ತಾರೆ. ಎದುರಿಗೆ ಸಾಲಾಗಿ ನಿಂತ ಕ್ಯಾಡಿಗಳು ಅದಕ್ಕಾಗಿ ಮುಗಿಬೀಳುತ್ತಾರೆ. ಚೆಂಡು ತಂದುಕೊಟ್ಟವನಿಗೆ ಕ್ಯಾಪ್ಟನ್ ಊರಿನವರೆದುರು ಒಂದು ಚಿನ್ನದ ನಾಣ್ಯ ಕೊಡಬೇಕು.

ನಮ್ಮ ಕ್ಲಬ್ಬುಗಳ ಸಮಿತಿಯವರಲ್ಲಿ ಚಿನ್ನ ಕೇಳುತ್ತಿಲ್ಲ. ಮುಂದಿನ ಸೀಸನ್ನಿನ ಪಟ್ಟಿ ಮಾಡಲು ಕೂತಾಗ ಕ್ಯಾಡಿಗಳ ಪಂದ್ಯಕ್ಕೆ ಒಂದು ಭಾನುವಾರ ಎತ್ತಿಡಿ. ಅವರಿಗೂ ಕಾರ್ಡು ಹಾಕಲು ಬಿಟ್ಟು ಹ್ಯಾಂಡಿಕ್ಯಾಪ್ ಕೊಡಿ, ಆಸಕ್ತಿಯುಳ್ಳ ಸದಸ್ಯರು ಅವರ ಜೊತೆ ಜೋಡಿಯಾಗಿ ಆಡಲಿ. ಗೆದ್ದವರ ಹೆಸರನ್ನು ಅದೇ ತೇಗದ ಹಲಗೆಯ ಮೇಲೆ, ಅದೇ ಬಣ್ಣದಲ್ಲಿ ಬರೆಸಿ.