ಜೋಳಿಗೆಗೆ ಹಾಕಿದ ಮೇಲೆ

ಶಿವಭಕ್ತನಿಗೆ ಶರೀರವು ಕೇವಲ ಭೋಗಸಾಧನವಲ್ಲ. ಅದು ಲಿಂಗವನ್ನು ಧರಿಸಿದ ಕ್ಷೇತ್ರ. ಲಿಂಗಕ್ಕೆ ಅರ್ಪಿಸಲು ಯೋಗ್ಯವಲ್ಲದುದನ್ನು ಆ ಕ್ಷೇತ್ರದೊಳಗೆ ಸೇರಿಸಲಾಗದೆಂಬುದು ಪ್ರಸಾದತತ್ತ್ವದ ಸಾರ. ಆದುದರಿಂದ ಮದ್ಯಪಾನವು ನಿಷಿದ್ಧವೆಂಬುದನ್ನು ಭಕ್ತರಿಗೆ ಪುನಃ ಹೇಳಬೇಕಾದುದಿಲ್ಲ. ವಿಚಾರಿಸಬೇಕಾದುದು ಬೇರೆ ಇದೆ: ವ್ಯಸನದಲ್ಲಿ ಬಿದ್ದವನು ಏಳಲು ಯತ್ನಿಸುವಾಗ ಅವನ ಮನೆಯವರ ಧರ್ಮವೇನು?

ಇಳಕಲ್ಲಿನ ಚಿತ್ತರಗಿ ವಿಜಯ ಮಹಾಂತೇಶ್ವರ ಮಠದ ಲಿಂಗೈಕ್ಯ ಡಾ. ಮಹಾಂತ ಶಿವಯೋಗಿಗಳು (1930-2018) 1975ರಲ್ಲಿ ಮಹಾಂತ ಜೋಳಿಗೆಯನ್ನು ಹಿಡಿದು ಹೊರಟರು. ಜಂಗಮನ ಜೋಳಿಗೆಗೆ ಧಾನ್ಯ ಬೀಳುವುದು ರೂಢಿ. ಪೂಜ್ಯರು ಬೇಡಿದುದು ಜನರ ದುಶ್ಚಟಗಳನ್ನು. ಅವರ ಜನ್ಮದಿನವಾದ ಆಗಸ್ಟ್ 1ನ್ನು ಕರ್ನಾಟಕ ಸರಕಾರವು ವ್ಯಸನಮುಕ್ತ ದಿನವೆಂದು ಆಚರಿಸುತ್ತಿದೆ. ಆದರೆ ಜೋಳಿಗೆಗೆ ಚಟವನ್ನು ಹಾಕಿದವನು ಸಂಜೆಗೆ ಮರಳುವುದು ತನ್ನ ಮನೆಗೆ. ಜೋಳಿಗೆಯ ಕಾರ್ಯವು ಎಲ್ಲಿ ಮುಗಿಯಿತೋ ಅಲ್ಲಿಂದ ಮನೆಯ ಕಾರ್ಯವು ಆರಂಭವಾಗುತ್ತದೆ.

ಮೊದಲು ಒಂದು ಎಚ್ಚರಿಕೆ. ಬಹುಕಾಲ ದಿನವೂ ಕುಡಿದವನು ಥಟ್ಟನೆ ಬಿಟ್ಟರೆ ಎರಡು ಮೂರು ದಿನಗಳೊಳಗೆ ಕೈನಡುಕ, ಸೆಳವು, ಚಿತ್ತಭ್ರಮೆಗಳು ಉಂಟಾಗಬಹುದು, ಪ್ರಾಣಕ್ಕೂ ಅಪಾಯವಿದೆ. ಆದುದರಿಂದ ವ್ರತ ಹಿಡಿಸುವವರು ಅವನನ್ನು ವೈದ್ಯರಲ್ಲಿಗೂ ಕರೆದೊಯ್ಯಬೇಕು. ಔಷಧಿ ಸೇವಿಸಿದರೆ ನಿಷ್ಠೆ ಕುಂದಿತೆಂದು ಭಾವಿಸುವುದು ಅಜ್ಞಾನ. ವ್ರತವು ಮನಸ್ಸನ್ನು ಕಾಯುತ್ತದೆ, ಔಷಧಿಯು ಕಾಯವನ್ನು ಕಾಯುತ್ತದೆ. ಕಾಯ ಉಳಿದರೆ ತಾನೆ ಕಾಯಕ!

ಗೃಹಸ್ಥರಿಗೆ ಈ ವಿಷಯದಲ್ಲಿ ಆಯ್ದಕ್ಕಿ ಲಕ್ಕಮ್ಮನವರ ನಡೆ ದೀಪದಂತಿದೆ. ಕಲ್ಯಾಣದಲ್ಲಿ ಚೆಲ್ಲಿದ ಅಕ್ಕಿಯನ್ನು ಆಯ್ದು ತಂದು ದಾಸೋಹ ನಡೆಸುತ್ತಿದ್ದ ಮಾರಯ್ಯನವರು ಒಂದು ದಿನ ಎಂದಿಗಿಂತ ಹೆಚ್ಚು ಅಕ್ಕಿಯನ್ನು ತಂದರು. ಲಕ್ಕಮ್ಮನವರು ಪತಿಯನ್ನು ಓಣಿಯವರ ಮುಂದೆ ಹಳಿಯಲಿಲ್ಲ, ಅವರನ್ನು ತೊರೆಯಲೂ ಇಲ್ಲ. ಹಾಗೆಂದು ಆ ಹೆಚ್ಚಿನ ಅಕ್ಕಿಗೆ ಒಲೆ ಹೊತ್ತಿಸಲಿಲ್ಲ. ಅದನ್ನು ತಂದಲ್ಲಿಗೇ ಮರಳಿಸಿ ಬರುವಂತೆ ಹೇಳಿದರು. ತಪ್ಪನ್ನು ನಿರಾಕರಿಸಿದರು, ತಪ್ಪಿದವರನ್ನು ನಿರಾಕರಿಸಲಿಲ್ಲ.

ವ್ಯಸನಿಯ ಮನೆಯಲ್ಲಿ ಈ ವಿವೇಕವು ಬಹುಮಟ್ಟಿಗೆ ತಲೆಕೆಳಗಾಗಿರುತ್ತದೆ. ಮಗನ ಕೈಗಡವನ್ನು ತಾಯಿ ಗುಟ್ಟಾಗಿ ತೀರಿಸುತ್ತಾಳೆ. ಕೆಲಸಕ್ಕೆ ಹೋಗದ ಗಂಡನಿಗೆ ಜ್ವರವೆಂದು ಹೆಂಡತಿ ಸುಳ್ಳು ಹೇಳಿ ಕಳಿಸುತ್ತಾಳೆ. ಇತ್ತ ಅವನನ್ನು ಪಂಕ್ತಿಯಿಂದ ಎಬ್ಬಿಸಿ, ಮಕ್ಕಳೆದುರಿಗೆ ಹೀಯಾಳಿಸುತ್ತಾರೆ. ಅಂದರೆ ಚಟಕ್ಕೆ ಅನ್ನವಿಕ್ಕಿ ಮನುಷ್ಯನನ್ನು ಉಪವಾಸ ಕೆಡಹಿದಂತಾಯಿತು. ಸಾಲ ತೀರಿಸಬೇಡಿರಿ, ಸುಳ್ಳು ಹೇಳಬೇಡಿರಿ. ಆದರೆ ಕುಡಿಯದೆ ಬಂದ ದಿನ ಅವನಿಗೆ ಎಲೆ ಹಾಕಿ, ಪೂಜೆಗೆ ಜೊತೆಗೆ ಕುಳ್ಳಿರಿಸಿಕೊಳ್ಳಿರಿ. ಹೊಡೆತಗಳನ್ನು ಸಹಿಸುವುದು ಮಾತ್ರ ಯಾವ ಧರ್ಮವೂ ಅಲ್ಲ. ಅಂಥಲ್ಲಿ ತಾಯಿ-ಮಕ್ಕಳು ಮೊದಲು ಸುರಕ್ಷಿತ ಸ್ಥಳವನ್ನು ಸೇರತಕ್ಕದ್ದು.

ಪಂಚಾಚಾರಗಳಲ್ಲಿ ಗಣಾಚಾರದ ಹೆಸರು ಹೇಳಿ ಬಿದ್ದವನನ್ನು ಬೀದಿಯಲ್ಲಿ ಅವಮಾನಿಸುವವರುಂಟು. ಅಂಥವರು ಶಿವಾಚಾರ, ಭೃತ್ಯಾಚಾರಗಳನ್ನು ಮರೆತರು. ಹೆಂಡದ ಕಾಯಕದ ಮಾರಯ್ಯನವರಿಗೂ ಶರಣರ ಸಮೂಹದಲ್ಲಿ ಸ್ಥಾನವಿದ್ದಿತು. ಆ ಕಾಯಕದ ಮಾತುಗಳೇ ಅವರ ವಚನಗಳಲ್ಲಿ ಅನುಭಾವದ ಸಂಕೇತಗಳಾದವು. ಅಂಥ ಪರಂಪರೆಯವರು ಕುಡಿತ ಬಿಟ್ಟು ಬಂದವನಿಗೆ ಬಾಗಿಲು ಮುಚ್ಚುವುದು ಹೇಗೆ ಯುಕ್ತವಾದೀತು?

ಬಿಟ್ಟವನು ಮತ್ತೊಮ್ಮೆ ಜಾರಿದರೆ? ಮನೆಯವರ ಧೈರ್ಯ ಮುರಿಯುವುದು ಇಲ್ಲಿಯೇ. ಹುಬ್ಬಳ್ಳಿಯ ಬೆಂಗೇರಿಯವರಿಗೆ ನೂಲಿನ ಧರ್ಮ ತಿಳಿಯದುದಲ್ಲ. 1957ರಲ್ಲಿ ಸ್ಥಾಪಿತವಾದ ಕರ್ನಾಟಕ ಖಾದಿ ಗ್ರಾಮೋದ್ಯೋಗ ಸಂಯುಕ್ತ ಸಂಘದ ಬೆಂಗೇರಿಯ ಕೇಂದ್ರದಲ್ಲಿ ಖಾದಿಯು ರಾಷ್ಟ್ರಧ್ವಜವಾಗುತ್ತದೆ. ನೂಲುವಾಗ ಎಳೆ ಕಡಿಯುವುದುಂಟು. ಕಡಿಯಿತೆಂದು ಯಾರೂ ಹಂಜಿಯನ್ನು ಬೀದಿಗೆ ಎಸೆಯುವುದಿಲ್ಲ. ಕಡಿದ ತುದಿಯನ್ನು ಹುಡುಕಿ, ಕೂಡಿಸಿ, ರಾಟೆಯನ್ನು ಮತ್ತೆ ತಿರುಗಿಸುತ್ತಾರೆ. ವ್ಯಸನವನ್ನು ಬಿಡುವ ಕ್ರಮವೂ ಹೀಗೆಯೇ. ಜಾರಿದ ದಿನವನ್ನು ಮುಚ್ಚಿಡದೆ ಮರುದಿನವೇ ವೈದ್ಯರ ಬಳಿಗೆ ಹೋದರೆ, ಅದುವರೆಗೆ ನೂತ ನೂಲು ವ್ಯರ್ಥವಾಗದು.

ಇನ್ನೊಂದು ಸತ್ಯವನ್ನು ಮನೆಮಂದಿ ಅರಿಯಬೇಕು: ಕುಡಿದವನು ಒಬ್ಬನಾದರೂ ಬೇನೆ ಎಲ್ಲರದು. 1935ರಲ್ಲಿ ಅಮೇರಿಕೆಯಲ್ಲಿ ಕುಡಿತ ಬಿಡಬಯಸಿದವರು ಪರಸ್ಪರ ಆಸರೆಯಾಗಲು ಅಲ್ಕೊಹಾಲಿಕ್ಸ್ ಅನಾನಿಮಸ್ ಎಂಬ ಸಂಘವನ್ನು ಕಟ್ಟಿಕೊಂಡರು. 1951ರಲ್ಲಿ ಅವರ ಮನೆಯವರಿಗಾಗಿಯೇ ಅಲ್-ಅನಾನ್ ಎಂಬ ಬೇರೊಂದು ಕೂಟ ಹುಟ್ಟಿತು. ಸಮಾನದುಃಖಿಗಳು ಕೂಡಿ ಮನಬಿಚ್ಚಿ ಮಾತನಾಡಿದರೆ ಭಾರ ಇಳಿಯುವುದೆಂಬುದನ್ನು ಅನುಭವಗೋಷ್ಠಿಗಳ ಪರಂಪರೆಯವರಿಗೆ ಹೊರಗಿನವರು ಕಲಿಸಬೇಕಾಗಿಲ್ಲ. ಬೆಂಗೇರಿಯವರಿಗೆ ಧಾರವಾಡದ ಡಿಮ್ಹಾನ್ಸ್ ಆಸ್ಪತ್ರೆ ದೂರವಲ್ಲ. ರೋಗಿಯೊಡನೆ ಪತ್ನಿಯೂ, ತಾಯಿಯೂ ಹೋಗಿ ತಮ್ಮ ಅಳಲನ್ನೂ ವೈದ್ಯರಲ್ಲಿ ಹೇಳಿಕೊಳ್ಳಲಿ. ಹೋಗಲಾಗದವರು ವ್ಯಸನಮುಕ್ತಿಯ ರಾಷ್ಟ್ರೀಯ ಸಹಾಯವಾಣಿ 14446ಕ್ಕೆ, ಮನೋವ್ಯಥೆಗೆ ಟೆಲಿಮಾನಸ್ 14416ಕ್ಕೆ ದೂರವಾಣಿ ಮಾಡಬಹುದು. ಹೇಳಿಕೊಂಡರೆ ಮನೆತನದ ಮಾನ ಹೋಗದು. ಮುಚ್ಚಿಟ್ಟರೆ ಮನೆತನವೇ ಹೋದೀತು.

2007ರ ಜುಲೈ 1ರಿಂದ ಕರ್ನಾಟಕದಲ್ಲಿ ಸಾರಾಯಿ ನಿಷಿದ್ಧವಾಯಿತು, ಕುಡಿತವು ನಿಲ್ಲಲಿಲ್ಲ. ಕಾಯಿದೆಯು ಅಂಗಡಿಯ ಬಾಗಿಲನ್ನು ಮುಚ್ಚಬಲ್ಲುದು, ಮನೆಯ ಬಾಗಿಲನ್ನು ತೆರೆಯಲಾರದು. ಅದನ್ನು ತೆರೆಯತಕ್ಕವರು ಗೃಹಸ್ಥರೇ. ಜೋಳಿಗೆಗೆ ಚಟವನ್ನು ಹಾಕಿ ಬರಿಗೈಯಲ್ಲಿ ಬಂದವನ ಕೈಗೆ ಒಂದು ಕಾಯಕವನ್ನೂ, ಹಣೆಗೆ ವಿಭೂತಿಯನ್ನೂ, ಪಂಕ್ತಿಯಲ್ಲಿ ಸ್ಥಾನವನ್ನೂ ಕೊಡುವುದೇ ನಿಜವಾದ ದಾಸೋಹ.