ಕೋಡಿಯಮಠದ ಅನ್ನದಾನ



ನಮ್ಮ ಹಂಸಭಾವಿ-ಹಿರೇಕೆರೂರು ಸೀಮೆಗೆ ನೆರೆಯ ಬಳ್ಳಿಗಾವಿಯಲ್ಲಿ ಕೋಡಿಯಮಠವೆಂಬ ಕಾಳಾಮುಖ ಗುರುಪೀಠವಿದ್ದಿತು. ಅಲ್ಲಿ ನಾಲ್ಕು ವೇದಗಳು, ಪಾಣಿನಿಯ ವ್ಯಾಕರಣ, ಷಡ್ದರ್ಶನ, ಲಾಕುಲ ಸಿದ್ಧಾಂತಗಳ ವ್ಯಾಸಂಗ ನಡೆಯುತ್ತಿದ್ದಿತೆಂದು ವಾಮಶಕ್ತಿ ಗುರುಗಳ ಕಾಲದ, 1162ರ ಶಾಸನವು ತಿಳಿಸುತ್ತದೆ. ರೋಗಿಗಳಿಗೆ ಔಷಧ, ದೀನರು ಅನಾಥರು ಅಂಧರು ಬಧಿರರಿಗೆ ಅನ್ನ. ಉಂಡವರ ಪಟ್ಟಿಯಲ್ಲಿ ಜೈನ ಕ್ಷಪಣಕರೂ ಇದ್ದಾರೆ! ಯಾರ ಮತವನ್ನು ಕಾಳಾಮುಖ ಪಂಡಿತರು ವಾದಸಭೆಯಲ್ಲಿ ಖಂಡಿಸುತ್ತಿದ್ದರೋ ಅವರು.

ಶಿವಪೂಜೆಗೆಂದು ಭಕ್ತರು ಬಿಟ್ಟ ಭೂಮಿಯ ಅನ್ನವನ್ನು ಶಿವನನ್ನೊಪ್ಪದವರಿಗೆ ಬಡಿಸುವುದು ದಾನಿಗೆ ಬಗೆದ ದ್ರೋಹವಲ್ಲವೆ? ಈ ಪ್ರಶ್ನೆ ಹಗುರವಾದುದಲ್ಲ. ಇಂದಿಗೂ ದಾಸೋಹವುಳ್ಳ ಮಠಗಳಲ್ಲಿ ಕೇಳಿಬರುತ್ತದೆ.

ಪರದೇಶದ ಮಠಗಳಿಗೂ ಇದು ಹೊಸದಲ್ಲ. 910ರಲ್ಲಿ ಸ್ಥಾಪಿತವಾದ ಫ್ರಾನ್ಸಿನ ಕ್ಲೂನಿ ಮಠವು ಅನುಸರಿಸಿದ ಬೆನೆಡಿಕ್ಟನ ನಿಯಮವು ಅತಿಥಿಯನ್ನು ಕ್ರಿಸ್ತನೆಂದೇ ಬರಮಾಡಿಕೊಳ್ಳಬೇಕೆನ್ನುತ್ತದೆ. ಆದರೂ ಸ್ವಮತದವರಿಗೆ ವಿಶೇಷ ಮರ್ಯಾದೆಯನ್ನು ವಿಧಿಸುತ್ತದೆ. ಉದಾತ್ತ ನಿಯಮವೇ ಸರಿ. ಆದರೆ ಕೋಡಿಯಮಠದ ಪಟ್ಟಿಯಲ್ಲಿ ಆ ತಾರತಮ್ಯವಿಲ್ಲ.

ಶಾಸನವು ಹೊಗಳಿಕೆಯಷ್ಟೇ, ನಡೆಗೆ ಸಾಕ್ಷಿಯಲ್ಲವೆಂದು ವಿದ್ವಾಂಸರು ಆಕ್ಷೇಪಿಸಬಹುದು. ಆಗಲಿ. ಯಾವುದನ್ನು ತಮ್ಮ ಕೀರ್ತಿಯೆಂದು ಬಗೆದು ಆ ಗುರುಗಳು ಬರೆಯಿಸಿಕೊಂಡರು ಎಂಬುದಾದರೂ ನಡೆಗೆ ಸಮೀಪದ ಸಾಕ್ಷಿಯಲ್ಲವೆ?

ಇನ್ನು ದಾನಿಯ ಮಾತು. ಪರಮತದವರಿಗೆ ಅನ್ನವಿಕ್ಕುವುದನ್ನು ಮಠವು ದಾನಿಗಳಿಂದ ಮರೆಮಾಚಲಿಲ್ಲ, ದಾನಶಾಸನದಲ್ಲಿಯೇ ಕಂಡರಿಸಿತು. ಆ ವರ್ಣನೆಯೂ ದಕ್ಷಿಣ ಕೇದಾರೇಶ್ವರನಿಗೆ ಬಿಜ್ಜಳನಿತ್ತ ದತ್ತಿಯೂ ಒಂದೇ ಕಲ್ಲಿನಲ್ಲಿವೆ. ಕ್ಷಪಣಕನು ಉಣ್ಣುವನೆಂದು ತಿಳಿದೇ ಕೊಟ್ಟ ದಾನವನ್ನು ಕ್ಷಪಣಕನಿಗೆ ಬಡಿಸಿದರೆ ದ್ರೋಹವೆಲ್ಲಿಯದು?