ಅಂಬಿಗನ ಹಂಗು

ಹೊಳೆ ದಾಟಿದ ಮೇಲೆ ಅಂಬಿಗನ ಹಂಗೇನು ಎಂಬುದು ನಮ್ಮ ಗಾದೆ. ದಾಟಿಸುವವನಿಗೆ ದಾಟುವವನ ಹಂಗೆಷ್ಟು ಎಂಬುದನ್ನು ಗಾದೆ ಕೇಳುವುದಿಲ್ಲ, ಕಾನೂನು ಕೇಳುತ್ತದೆ.

ಅಮೆರಿಕದ ಮೇಯ್ನ್ ಸಂಸ್ಥಾನದಲ್ಲಿ, ಕೂಲಿ ಪಡೆದು ಪರರನ್ನು ಮೀನುಬೇಟೆಗೂ ಕಾಡುಬೇಟೆಗೂ ಕರೆದೊಯ್ಯುವ ಮಾರ್ಗದರ್ಶಿಗಳು ಹೆಸರು ನೋಂದಾಯಿಸಬೇಕೆಂಬ ನಿಯಮ 1897ರಲ್ಲೇ ಬಂದಿತು. ಮೊದಲ ಪರವಾನಗಿ ಪಡೆದವರು ಕಾರ್ನೀಲಿಯಾ ಕ್ರಾಸ್ಬಿ ಎಂಬ ಮಹಿಳೆ. ಈಗ ಪರವಾನಗಿಗೆ ಪರೀಕ್ಷೆಯುಂಟು. ವಿಮೆ ಮಾಡಿಸುವವರುಂಟು, ಅಪಾಯವಾದರೆ ದಾವೆ ಹೂಡೆನೆಂದು ಗಿರಾಕಿಯಿಂದ ಮುಚ್ಚಳಿಕೆ ಬರೆಸಿಕೊಳ್ಳುವವರೂ ಉಂಟು.

ಇವು ಬೇಡವೆಂದು ನಾನು ಹೇಳಲಾರೆ. ದೋಣಿ ಮಗುಚಿ ಮನೆಯ ಆಧಾರವೇ ಹೋದಾಗ, ಉಳಿದವರ ಅನ್ನಕ್ಕೆ ಯಾರದೋ ಪಶ್ಚಾತ್ತಾಪ ಸಾಲದು; ಹಣವೇ ಬೇಕು. ಆದರೆ ಪರವಾನಗಿ ಅರಿವಿಗೆ ಸಾಕ್ಷಿ. ವಿಮೆ ನಷ್ಟಕ್ಕೆ ಪರಿಹಾರ. ಮುಚ್ಚಳಿಕೆ ನ್ಯಾಯಾಲಯದಲ್ಲಿ ಹಿಡಿಯುವ ಗುರಾಣಿ. ಹೊಣೆಯೆಂಬುದು ಈ ಮೂರಕ್ಕೂ ಮೊದಲೇ ಹುಟ್ಟುತ್ತದೆ. ನೀರಿನ ಗುಣವರಿಯದ ಗಿರಾಕಿ, ಅರಿತವನನ್ನು ನಂಬಿ ದೋಣಿಗೆ ಕಾಲಿಡುತ್ತಾನೆ. ಗಾಳಿ ಕೆಟ್ಟ ಬೆಳಿಗ್ಗೆ, ಕೈಗೆ ಬಂದ ಹಣವನ್ನು ಹಿಂದಿರುಗಿಸಿ, ಈ ದಿನ ಬೇಡವೆನ್ನಬಲ್ಲವನೇ ನಿಜವಾದ ಮಾರ್ಗದರ್ಶಿ.

ಆ ಒಂದು ಮಾತಿನಿಂದ ಅವನ ಅಂದಿನ ಗಳಿಕೆ ಹೋಗುತ್ತದೆ. ನಿರಾಸೆಯಿಂದ ಮುನಿಯದೆ, ಅರ್ಧ ಕೂಲಿಯನ್ನಾದರೂ ಅವನ ಕೈಗಿಟ್ಟು ಹಿಂದಿರುಗುವುದು ಗಿರಾಕಿಯ ಧರ್ಮವೆಂದು ನಾನು ಬಗೆಯುತ್ತೇನೆ. ಹೊಳೆ ದಾಟಿಸದ ಅಂಬಿಗನ ಹಂಗೂ ಒಂದುಂಟು.